ಪಾವಗಡದ ಬಿಸಿಲು, ಬಸವನಗುಡಿಯ ತಾರಸಿ

ಬೆಂಗಳೂರಿಗೆ ಕರೆಂಟು ಯಾವತ್ತೂ ಬಹುಮಟ್ಟಿಗೆ ಹೊರಗಿನಿಂದಲೇ ಬಂದಿದೆ. 1905ರ ಆಗಸ್ಟ್ 5ರಂದು ಇಂದಿನ ಕೆ.ಆರ್. ಮಾರುಕಟ್ಟೆಯ ಆಸುಪಾಸಿನಲ್ಲಿ ಮೊದಲ ವಿದ್ಯುತ್ ಬೀದಿದೀಪಗಳು ಹೊತ್ತಿಕೊಂಡಾಗ ಅವಕ್ಕೆ ಶಕ್ತಿ ಕೊಟ್ಟದ್ದು ಕಾವೇರಿಯ ಶಿವನಸಮುದ್ರ. ಸ್ವಾತಂತ್ರ್ಯ ಬಂದ ಹೊತ್ತಿಗೆ ಜೋಗ, 1960ರ ದಶಕದಲ್ಲಿ ಶರಾವತಿ ಕಣಿವೆ, 1985ರಿಂದ ರಾಯಚೂರಿನ ಶಕ್ತಿನಗರ, 2000ದಿಂದ ಕೈಗಾ, 2018ರಿಂದ ಪಾವಗಡ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ. ಶಕ್ತಿನಗರದ ಸುತ್ತಲಿನವರು ಹಾರುಬೂದಿಯ ನಡುವೆ ಬದುಕು ಸಾಗಿಸುತ್ತಿದ್ದಾರೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ನಾವು ಸ್ವಿಚ್ಚು ಒತ್ತುತ್ತೇವೆ, ದೀಪ ಹತ್ತುತ್ತದೆ.

ಈ ಮೂರು ಹಳೇ ಬಡಾವಣೆಗಳಲ್ಲಿ ಯಾರ ಮನೆಯ ನಾಲ್ಕನೇ ಮಹಡಿಗಾದರೂ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹತ್ತಿ ನಿಂತು ಸುತ್ತ ನೋಡಿ. ಕಪ್ಪು ಸಿಂಟೆಕ್ಸ್ ಟ್ಯಾಂಕುಗಳು, ಒಂದೆರಡು ಸೋಲಾರ್ ಗೀಸರುಗಳು, ಬಟ್ಟೆ ಒಣಹಾಕುವ ಹಗ್ಗ, ಹಳೇ ಡಿಶ್ ಆಂಟೆನಾ, ಮುರಿದ ಹೂಕುಂಡ. ಮಿಕ್ಕದ್ದೆಲ್ಲ ಖಾಲಿ ಜಾಗ, ಅದರ ಮೇಲೆ ಸುರಿಯುವ ಬಿಸಿಲು. ರಾಜ್ಯದ ಯಾವ ಮೂಲೆಯಲ್ಲಿ ಬಿಸಿಲು ಬಿದ್ದು ವ್ಯರ್ಥವಾಗುತ್ತಿದೆ ಎಂದು ಸರ್ಕಾರವೂ ಕಂಪನಿಗಳೂ ಹುಡುಕಿ ಪಾವಗಡದವರೆಗೆ ಹೋದವು. ವಿದ್ಯುತ್ತಿಗೆ ಗಿರಾಕಿಯೂ ಬ್ಯಾಂಕೂ ವಿದ್ಯೆಯೂ ಪಕ್ಕದಲ್ಲೇ ಇರುವ ಈ ಬಯಲನ್ನು ಇಡಿಯಾಗಿ ಕೈಗೆತ್ತಿಕೊಂಡವರಿಲ್ಲ. ಇಲ್ಲಿ ಒಂದು ಸೌರ ವಿದ್ಯುತ್ ವ್ಯವಹಾರ ಶುರುವಾಗಬೇಕು, ಅದು ಇಲ್ಲಿನ ನಿವಾಸಿಗಳದ್ದೇ ಆಗಿರಬೇಕು. ಪಾವಗಡವನ್ನು ಹತ್ತಿರದಿಂದ ನೋಡಿದಷ್ಟೂ ಈ ಮಾತಿನಲ್ಲಿ ನನ್ನ ನಂಬಿಕೆ ಗಟ್ಟಿಯಾಗಿದೆ.

ಹದಿಮೂರು ಸಾವಿರ ಎಕರೆ

ಪಾವಗಡ ತುಮಕೂರು ಜಿಲ್ಲೆಗೆ ಸೇರಿದ್ದರೂ ನಕಾಶೆಯಲ್ಲಿ ಆಂಧ್ರದ ಒಳಕ್ಕೆ ಚಾಚಿಕೊಂಡಿರುವ ತಾಲ್ಲೂಕು. ಬೆಂಗಳೂರಿನ ಎಷ್ಟೋ ಮನೆಯವರಿಗೆ ಅದು ಶನಿಮಹಾತ್ಮನ ದೇವಸ್ಥಾನದ ಊರು. ಶನಿವಾರ ಬಸ್ಸು ಹತ್ತಿ ಹೋಗಿ, ಎಳ್ಳುಬತ್ತಿ ಹಚ್ಚಿ, ಸಂಜೆಗೆ ಹಿಂತಿರುಗುವ ಊರು. ಅಲ್ಲಿಯ ರೈತರ ಪಾಲಿಗೆ ಕಡಲೆಕಾಯಿ ಬಿತ್ತಿ ಮೋಡ ನೋಡುತ್ತಾ ಕೂರುವ ಊರು. ಮಳೆ ಕೈಕೊಟ್ಟ ವರ್ಷಗಳೇ ಹೆಚ್ಚು. ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಗಂಡಸರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರುವುದು, ಹೆಂಗಸರೂ ಮುದುಕರೂ ಊರಲ್ಲಿ ಉಳಿಯುವುದು ವಾಡಿಕೆಯಾಗಿತ್ತು.

2015ರ ಮಾರ್ಚ್‌ನಲ್ಲಿ ಕೇಂದ್ರದ ಸೌರಶಕ್ತಿ ನಿಗಮ ಮತ್ತು ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಜೊತೆಗೂಡಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆ ಕಟ್ಟಿದವು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ ಜಮೀನು ಆ ಸಂಸ್ಥೆಯ ಕೈಗೆ ಬಂತು. ಬಂದ ರೀತಿಯನ್ನು ಗಮನಿಸಬೇಕು. ಸರ್ಕಾರ ಜಮೀನನ್ನು ಕೊಳ್ಳಲೂ ಇಲ್ಲ, ಸ್ವಾಧೀನಪಡಿಸಿಕೊಳ್ಳಲೂ ಇಲ್ಲ. ಗುತ್ತಿಗೆಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ, 28 ವರ್ಷಗಳ ಕರಾರು. ಪಹಣಿಯಲ್ಲಿ ರೈತನ ಹೆಸರು ಹಾಗೇ ಉಳಿಯಿತು. ಭೂಸ್ವಾಧೀನವೆಂದರೆ ಬೆಚ್ಚಿಬೀಳುವ ನಮ್ಮ ಹಳ್ಳಿಗಳಲ್ಲಿ ಇಷ್ಟು ದೊಡ್ಡ ಯೋಜನೆ ದೊಡ್ಡ ಗಲಾಟೆಯಿಲ್ಲದೆ ನೆಲ ಕಂಡದ್ದಕ್ಕೆ ಇದೇ ಮುಖ್ಯ ಕಾರಣ ಎಂದು ನನ್ನ ಎಣಿಕೆ.

ಜಮೀನು ಸಿಕ್ಕ ಮೇಲೆ ಸಂಸ್ಥೆ ಅದನ್ನು 250 ಮೆಗಾವಾಟ್‌ನ ಎಂಟು ಬ್ಲಾಕುಗಳನ್ನಾಗಿ ಹಂಚಿತು. ಒಂದೊಂದು ಬ್ಲಾಕಿನಲ್ಲಿ 50 ಮೆಗಾವಾಟ್‌ನ ಐದು ತುಂಡುಗಳು. ರಸ್ತೆ, ಸಬ್‌ಸ್ಟೇಷನ್, ಹೈಟೆನ್ಷನ್ ಲೈನು ಎಲ್ಲವನ್ನೂ ತಾನೇ ಮಾಡಿಕೊಟ್ಟಿತು. ಹರಾಜಿನಲ್ಲಿ ಗೆದ್ದ ಕಂಪನಿ ಬಂದು ಪ್ಯಾನೆಲ್ ನಿಲ್ಲಿಸಿ ತಂತಿ ಜೋಡಿಸಿದರೆ ಆಯಿತು. 2018ರ ಮಾರ್ಚ್ 1ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ‘ಶಕ್ತಿಸ್ಥಳ’ವನ್ನು ಉದ್ಘಾಟಿಸಿದಾಗ 600 ಮೆಗಾವಾಟ್ ಸಿದ್ಧವಿತ್ತು. 2019ರ ಕೊನೆಗೆ ಪೂರ್ತಿ 2,050 ಮೆಗಾವಾಟ್ ಆಯಿತು. 2016ರ ಹರಾಜಿನಲ್ಲಿ ಯೂನಿಟ್ಟಿಗೆ 4 ರೂಪಾಯಿ 80 ಪೈಸೆಯ ಸುಮಾರಿನಲ್ಲಿದ್ದ ದರ ಎರಡು ವರ್ಷದಲ್ಲಿ 3 ರೂಪಾಯಿಯ ಹತ್ತಿರಕ್ಕೆ ಇಳಿಯಿತು. ಯಾರೂ ಕೇಳದೆ ಬಿಟ್ಟಿದ್ದ ಬಿಸಿಲಿಗೆ ದೇಶ ವಿದೇಶದ ಕಂಪನಿಗಳು ಪೈಪೋಟಿಗೆ ಬಿದ್ದವು.

ಈ ಸಾಧನೆ ದೊಡ್ಡದು. ಅಲ್ಲಿ ಯಾರಿಗೆ ಎಷ್ಟು ಸಿಕ್ಕಿತು ಎಂಬ ಲೆಕ್ಕವನ್ನೂ ಹಾಕಬೇಕು. 2,050 ಮೆಗಾವಾಟ್‌ಗೆ 13,000 ಎಕರೆ ಎಂದರೆ ಒಂದು ಮೆಗಾವಾಟ್‌ಗೆ ಆರೂಕಾಲು ಎಕರೆಯಷ್ಟು. ಆ ಬಿಸಿಲಿನಲ್ಲಿ ಒಂದು ಮೆಗಾವಾಟ್ ವರ್ಷಕ್ಕೆ ಕಡಿಮೆಯೆಂದರೂ 18 ಲಕ್ಷ ಯೂನಿಟ್ ಕೊಡುತ್ತದೆ ಎಂದು ಹಿಡಿದರೆ ಎಕರೆಗೆ ಬೀಳುವುದು ಸುಮಾರು 2 ಲಕ್ಷ 85 ಸಾವಿರ ಯೂನಿಟ್. ಯೂನಿಟ್ಟಿಗೆ 3 ರೂಪಾಯಿಯಂತೆ ಎಂಟೂವರೆ ಲಕ್ಷ ರೂಪಾಯಿ. ಅದರಲ್ಲಿ ಜಮೀನಿನ ಒಡೆಯನಿಗೆ ಬಂದದ್ದು 21,000, ನೂರಕ್ಕೆ ಎರಡೂವರೆ. ಬಂಡವಾಳ ಕಂಪನಿಯದು, ಬಡ್ಡಿ ಅದರದು, ನಷ್ಟವಾದರೆ ಅದೂ ಅದರದೇ ಎಂಬುದು ನಿಜ. ಆದರೂ ಏರಿಕೆಯ ಲೆಕ್ಕ ನೋಡಿ. ಎರಡು ವರ್ಷಕ್ಕೆ ಶೇ 5 ಏರುತ್ತಾ ಹೋದರೆ ಇಪ್ಪತ್ತೆಂಟನೆಯ ವರ್ಷಕ್ಕೆ ಎಕರೆಯ ಗುತ್ತಿಗೆ ಸುಮಾರು 39,600 ರೂಪಾಯಿ ಆಗುತ್ತದೆ. ಅಷ್ಟರಲ್ಲಿ ಪೇಟೆಯ ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದ್ದರೆ ಆ ಹಣದ ಕೊಳ್ಳುವ ಶಕ್ತಿ ಮೊದಲ ವರ್ಷದ ಗುತ್ತಿಗೆಯ ಅರ್ಧಕ್ಕೆ ಇಳಿದಿರುತ್ತದೆ.

ಇನ್ನು ಜಮೀನೇ ಇಲ್ಲದವರ ಪಾಡು. ಕಳೆ ಕೀಳುವುದು, ಕಡಲೆಕಾಯಿ ಬಿಡಿಸುವುದು, ಕುರಿ ಮೇಯಿಸುವುದು ಅವರ ಜೀವನೋಪಾಯವಾಗಿತ್ತು. ಬೇಲಿ ಎದ್ದ ಮೇಲೆ ಆ ನೆಲ ಅವರ ಪಾಲಿಗೆ ಮುಚ್ಚಿತು. ಗುತ್ತಿಗೆಯ ಹಣ ಪಹಣಿ ಇದ್ದವರ ಖಾತೆಗೆ ಹೋಯಿತು. ಕೂಲಿಯವರಿಗೆ ಕಾವಲು ಕೆಲಸ, ಹುಲ್ಲು ಕೊಯ್ಯುವ ಕೆಲಸ, ಪ್ಯಾನೆಲ್ ತೊಳೆಯುವ ಕೆಲಸ ಸಿಕ್ಕಿತು, ಅದೂ ಎಲ್ಲರಿಗಲ್ಲ. ಹಾಗೆ ತೊಳೆಯಲೂ ನೀರು ಬೇಕು, ಕುಡಿಯುವ ನೀರಿಗೇ ಬರವಿರುವ ಸೀಮೆಯಲ್ಲಿ.

ಬಿಸಿಲಿನ ಒಡೆಯ ಬರೀ ಬಾಡಿಗೆ ಪಡೆಯುವವನಾಗಿ ಉಳಿಯದೆ ಪಾಲುದಾರನಾಗಬೇಕು. ಪಾವಗಡದ ರೈತನಿಗೆ ಆ ಅವಕಾಶ ಇರಲಿಲ್ಲ. ಬಂಡವಾಳ ಹೂಡುವ ಶಕ್ತಿ ಅವನಿಗಿರಲಿಲ್ಲ, ಸಾಲ ಕೊಡುವ ಬ್ಯಾಂಕೂ ಇರಲಿಲ್ಲ. ನಮ್ಮ ಹಳೇ ಬಡಾವಣೆಗಳಿಗೆ ಎರಡೂ ಇವೆ.

ಮೊದಲು ಗಿರಾಕಿ

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆಯುವ ಯೋಜನೆಗೆ ಕೈಹಾಕಿದ್ದು ಬೀದಿದೀಪ ಹಚ್ಚುವುದಕ್ಕಲ್ಲ. ಕೋಲಾರದ ಚಿನ್ನದ ಗಣಿಗಳಿಗೆ ಅಗ್ಗದ ಶಕ್ತಿ ಬೇಕಾಗಿತ್ತು. ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಜೊತೆ ಮಾತುಕತೆ ಕುದುರಿ, ವಿದ್ಯುತ್ ಕೊಳ್ಳುವವರು ಯಾರು ಎಂಬುದು ಖಚಿತವಾದ ಮೇಲೆ ಮೈಸೂರು ಸಂಸ್ಥಾನ ಹಣ ಹಾಕಿತು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಗಣಿಗಳಿಗೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. 1901ರಲ್ಲೇ ತೀರಿಕೊಂಡ ಶೇಷಾದ್ರಿ ಅಯ್ಯರ್ ಅದನ್ನು ಕಣ್ಣಾರೆ ಕಾಣಲಿಲ್ಲ. ನಗರಕ್ಕೆ ದೀಪ ಬಂದದ್ದು ಮೂರು ವರ್ಷದ ಮೇಲೆ, ಗಣಿಯ ವ್ಯವಹಾರ ನೆಲೆನಿಂತ ಬಳಿಕ.

ಬೆಂಗಳೂರಿನ ಸೌರ ವಿದ್ಯುತ್ ಎಡವಿರುವುದು ಇಲ್ಲೇ. ನಾವು ಪ್ಯಾನೆಲ್ಲಿನಿಂದ ಶುರು ಮಾಡುತ್ತೇವೆ, ಸಬ್ಸಿಡಿಯಿಂದ ಶುರು ಮಾಡುತ್ತೇವೆ. ಗಿರಾಕಿ ಯಾರು ಎಂದು ಕೇಳುವುದು ಕೊನೆಗೆ. 2013ರಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ತಾರಸಿ ಸೌರ ವಿದ್ಯುತ್ತಿಗೆ ಸಬ್ಸಿಡಿ ಪಡೆಯದವರಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ, ಪಡೆದವರಿಗೆ 7 ರೂಪಾಯಿ 20 ಪೈಸೆ ನಿಗದಿ ಮಾಡಿತು. ಕೈಯಲ್ಲಿ ಹಣವಿದ್ದವರು ಬೇಗ ಹಾಕಿಸಿಕೊಂಡರು. ಪ್ಯಾನೆಲ್ ಬೆಲೆ ಕುಸಿದಂತೆ 2016ರಲ್ಲಿ ದರವೂ ಇಳಿಯಿತು, ಅದರೊಂದಿಗೆ ಜನರ ಉತ್ಸಾಹವೂ ಇಳಿಯಿತು.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂದಿತು. 1 ಕಿಲೋವಾಟ್‌ಗೆ 30,000 ರೂಪಾಯಿ, 2 ಕಿಲೋವಾಟ್‌ಗೆ 60,000, 3 ಕಿಲೋವಾಟ್ ಮತ್ತು ಮೇಲ್ಪಟ್ಟು 78,000 ರೂಪಾಯಿ ಸಬ್ಸಿಡಿ. ಅಪಾರ್ಟ್‌ಮೆಂಟುಗಳ ಸಾಮಾನ್ಯ ಬಳಕೆಗೆ ಕಿಲೋವಾಟ್‌ಗೆ 18,000. ಒಳ್ಳೆಯ ಯೋಜನೆಯೇ. ಅದಕ್ಕೂ ಮೊದಲೇ 2023ರಲ್ಲಿ ರಾಜ್ಯದಲ್ಲಿ ಗೃಹಜ್ಯೋತಿ ಬಂದಿತ್ತು. ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ತಮ್ಮ ಸರಾಸರಿ ಬಳಕೆಗಿಂತ ಶೇ 10ರಷ್ಟು ಹೆಚ್ಚಿನವರೆಗೆ ಬಿಲ್ಲೇ ಬರದ ಮನೆಯವರು ಲಕ್ಷಗಟ್ಟಲೆ ಹಣ ಹಾಕಿ ಪ್ಯಾನೆಲ್ ಏಕೆ ಕೂರಿಸಿಕೊಳ್ಳಬೇಕು? ಗೃಹಜ್ಯೋತಿಯನ್ನು ನಾನು ತೆಗಳುತ್ತಿಲ್ಲ; ಬಾಡಿಗೆ ಮನೆಯಲ್ಲಿ ಒಂದು ಫ್ಯಾನು, ಎರಡು ದೀಪದಲ್ಲಿ ಬದುಕುವ ಕುಟುಂಬಕ್ಕೆ ಅದರಿಂದ ಆದ ಅನುಕೂಲ ಸಣ್ಣದಲ್ಲ. ಆದರೆ ವ್ಯವಹಾರಕ್ಕೆ ಇಳಿಯುವವರು ಒಂದನ್ನು ಒಪ್ಪಿಕೊಂಡೇ ಇಳಿಯಬೇಕು: ಹಳೇ ಬಡಾವಣೆಯ ಸಣ್ಣ ಮನೆ ಸೌರ ವಿದ್ಯುತ್ತಿನ ಮೊದಲ ಗಿರಾಕಿ ಅಲ್ಲ.

ಮೊದಲ ಗಿರಾಕಿಗಳು ಬೇರೆ ಇದ್ದಾರೆ, ಎಲ್ಲರೂ ನಡೆದು ಹೋಗುವಷ್ಟು ದೂರದಲ್ಲಿ. ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜಿನಂಥ ದೊಡ್ಡ ವಿದ್ಯಾಸಂಸ್ಥೆಗಳು, ಮಲ್ಲೇಶ್ವರದ ಶಾಲಾ ಕಾಲೇಜುಗಳು, ಚಾಮರಾಜಪೇಟೆಯ ನರ್ಸಿಂಗ್ ಹೋಮುಗಳು, ಛತ್ರಗಳು, ಕಲ್ಯಾಣ ಮಂಟಪಗಳು, ಬ್ಯಾಂಕುಗಳು, ಬೆಳಿಗ್ಗೆ ಆರಕ್ಕೆ ಗ್ರೈಂಡರು ಹಾಕಿ ರಾತ್ರಿ ಹತ್ತರವರೆಗೆ ನಿಲ್ಲಿಸದ ದರ್ಶಿನಿಗಳು. ಇವರಲ್ಲಿ ಬಹುಪಾಲು ಜನರ ಬಳಕೆ ಹಗಲಿನಲ್ಲಿ, ಬಿಸಿಲಿರುವ ಹೊತ್ತಿನಲ್ಲೇ. ಅಂಗಡಿ ಹೋಟೆಲುಗಳು ಕೊಡುವ ದರ ಮನೆಗಳ ದರಕ್ಕಿಂತ ಹೆಚ್ಚು, ಗೃಹಜ್ಯೋತಿ ಅವರಿಗೆ ಅನ್ವಯಿಸುವುದಿಲ್ಲ. ಹಗಲು ತಯಾರಾದ ಯೂನಿಟ್ಟು ಹಗಲೇ ಅದೇ ಕಟ್ಟಡದಲ್ಲಿ ಖರ್ಚಾದರೆ ಅದರ ಪೂರ್ತಿ ಬೆಲೆ ಉಳಿಯುತ್ತದೆ. ಗ್ರಿಡ್‌ಗೆ ಮಾರಿದರೆ ಸಿಗುವುದು ಅದಕ್ಕಿಂತ ಕಡಿಮೆ. ಇಂಥ ಇಪ್ಪತ್ತು ಕಟ್ಟಡಗಳ ಜೊತೆ ಹದಿನೈದು ವರ್ಷದ ಕರಾರು ಕೈಯಲ್ಲಿದ್ದರೆ ಮಾತ್ರ ಪ್ಯಾನೆಲ್ ಕೊಳ್ಳುವ ಮಾತು ಎತ್ತಬೇಕು. ಶೇಷಾದ್ರಿ ಅಯ್ಯರ್ ತೋರಿಸಿಕೊಟ್ಟ ಕ್ರಮ ಅದು.

ತಾರಸಿಯ ಮೇಲೆ

ಕಾಗದದ ಮೇಲಿನ ಲೆಕ್ಕ ತಾರಸಿಯ ಮೇಲೆ ಹಾಗೇ ನಡೆಯುವುದಿಲ್ಲ. ಅದರಲ್ಲೂ ನಮ್ಮ ಬಡಾವಣೆಗಳು ಹಳೆಯವು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು 1898ರ ಪ್ಲೇಗಿನ ಆಸುಪಾಸಿನಲ್ಲಿ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತಂದು ಗಾಳಿ ಬೆಳಕು ಕೊಡಬೇಕೆಂಬ ಉದ್ದೇಶದಿಂದ. ಅಗಲ ರಸ್ತೆ, ಮನೆಯ ಸುತ್ತ ಜಾಗ, ಹಿಂದೆ ಕನ್ಸರ್‌ವೆನ್ಸಿ ಗಲ್ಲಿ. ಸೂರ್ಯನ ಬೆಳಕನ್ನು ಆರೋಗ್ಯದ ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ ಬಡಾವಣೆಗಳಿವು.

ಉಳಿದಿರುವ ಹಳೇ ಮನೆಗಳಲ್ಲಿ ಹಲವಕ್ಕೆ ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ತೇಗದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕೂರಿಸಿದ ಸಣ್ಣ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಈ ಮಾಳಿಗೆಗೆ ಡ್ರಿಲ್ ಹಾಕಿ ಬೋಲ್ಟ್ ಬಿಗಿಯುವುದು ದೊಡ್ಡ ತಪ್ಪು. ಒಂದು ತೂತು ಸಾಕು, ಮುಂದಿನ ಮಳೆಗಾಲಕ್ಕೆ ನೀರು ತೊಲೆಗೆ ಇಳಿಯುತ್ತದೆ. ಇಲ್ಲಿ ಭಾರವನ್ನು ಗೋಡೆಗಳೇ ಹೊರಬೇಕು: ಒಂದು ಗೋಡೆಯ ನೆತ್ತಿಯಿಂದ ಇನ್ನೊಂದಕ್ಕೆ ಕಬ್ಬಿಣದ ಬೀಮು ಹಾಯಿಸಿ ಅದರ ಮೇಲೆ ಪ್ಯಾನೆಲ್ ಕೂರಿಸಬೇಕು. ಪ್ಯಾನೆಲ್ಲಿನ ತೂಕ ದೊಡ್ಡದಲ್ಲ, ಚದರ ಮೀಟರಿಗೆ ಹತ್ತು ಹದಿನೈದು ಕಿಲೋ. ಹೆದರಬೇಕಾದದ್ದು ಗಾಳಿಗೆ. ಏಪ್ರಿಲ್ ಮೇ ತಿಂಗಳ ಸಂಜೆಯ ಬಿರುಗಾಳಿ ಪ್ಯಾನೆಲ್ಲಿನ ಕೆಳಗೆ ಹೊಕ್ಕು ಮೇಲಕ್ಕೆ ಎತ್ತುತ್ತದೆ. ಅದಕ್ಕೆ ತಕ್ಕ ಬಿಗಿತ ಬೇಕು. ಮಂಗಳೂರು ಹೆಂಚಿನ ಮನೆಗಳನ್ನು ಅವುಗಳ ಪಾಡಿಗೆ ಬಿಡುವುದೇ ಲೇಸು.

ಆರ್‌ಸಿಸಿ ತಾರಸಿಯಾದರೆ ತೊಡಕು ಬೇರೆ. ಅಲ್ಲಿ ಸಂಡಿಗೆ ಒಣಗಬೇಕು, ಬಟ್ಟೆ ಒಣಗಬೇಕು, ಮಕ್ಕಳು ಆಡಬೇಕು. ಪ್ಯಾನೆಲ್ ನೆಲಕ್ಕಂಟಿ ಕೂತರೆ ಮನೆಯ ಹೆಂಗಸರು ಒಪ್ಪುವುದಿಲ್ಲ, ಅವರು ಹೇಳುವುದು ಸರಿ. ಎಂಟಡಿ ಎತ್ತರಕ್ಕೆ ಕಂಬ ಕೊಟ್ಟು ಚಪ್ಪರದಂತೆ ಹಾಕಿದರೆ ಕೆಳಗೆ ನೆರಳಾಗುತ್ತದೆ, ತಾರಸಿ ಬಳಕೆಗೂ ಉಳಿಯುತ್ತದೆ, ಕೆಳಗಿನ ಕೋಣೆಯೂ ಬೇಸಿಗೆಯಲ್ಲಿ ತಂಪಾಗಿರುತ್ತದೆ. ಖರ್ಚು ಸ್ವಲ್ಪ ಹೆಚ್ಚು. ಆ ಹೆಚ್ಚಿನ ಖರ್ಚು ಉಳಿಸಹೋಗಿ ಮನೆಯವರ ಮನಸ್ಸು ಕಳೆದುಕೊಂಡವರು ಬಹಳ.

ಬಿಸಿಲಿನ ಲೆಕ್ಕಕ್ಕೆ ಗವಿಪುರಕ್ಕೇ ಹೋಗಬಹುದು. ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾದ ಬಿಸಿಲು ಲಿಂಗದ ಮೇಲೆ ಬೀಳುತ್ತದೆ. ಸೂರ್ಯ ವರ್ಷದ ಯಾವ ದಿನ ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಅಷ್ಟು ಬಿಗಿಯಾಗಿ ಅಳೆದವರ ಊರಿದು. ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಆ ನಡುವಿನ ತಿಂಗಳುಗಳಲ್ಲಿ ಕೊಂಚ ಉತ್ತರಕ್ಕೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಹಾಗಾಗಿ ಪ್ಯಾನೆಲ್ಲನ್ನು ದಕ್ಷಿಣಕ್ಕೆ ಹತ್ತು ಹದಿನೈದು ಡಿಗ್ರಿ ಓರೆ ಮಾಡಿದರೆ ಸಾಕು. 1 ಕಿಲೋವಾಟ್‌ಗೆ ಸುಮಾರು 100 ಚದರಡಿ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಸುಕಿ ಕಡಿಮೆಯಾಗುತ್ತದೆ, ಫೆಬ್ರವರಿ ಮಾರ್ಚ್‌ನಲ್ಲಿ ತುಂಬಿ ಬರುತ್ತದೆ. ನಮ್ಮೂರಿನ ತಂಪೂ ಇಲ್ಲಿ ಲಾಭವೇ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಕಾವಲ್ಲ. 25 ಡಿಗ್ರಿಗಿಂತ ಕಾವೇರಿದ ಪ್ರತಿ ಡಿಗ್ರಿಗೂ ಅದರ ಉತ್ಪಾದನೆ ಶೇ 0.3ರಿಂದ 0.4ರಷ್ಟು ಕುಗ್ಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿಗೆ ಸುಡುಬಿಸಿಲಿನ ಸೀಮೆಗಳಿಗಿಲ್ಲದ ಈ ಅನುಕೂಲವಿದೆ.

ನೆರಳೇ ದೊಡ್ಡ ಶತ್ರು. ಪ್ಯಾನೆಲ್ಲುಗಳನ್ನು ಸರಪಳಿಯಾಗಿ ಜೋಡಿಸಿರುವುದರಿಂದ, ಸಾಲಾಗಿ ನಿಂತು ಕೊಡ ದಾಟಿಸುವವರಲ್ಲಿ ಒಬ್ಬರು ನಿಧಾನಿಸಿದರೆ ಇಡೀ ಸಾಲು ನಿಧಾನಿಸುವಂತೆ, ಒಂದರ ಮೇಲೆ ಟ್ಯಾಂಕಿನ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಬೀಳುತ್ತದೆ. ಪಕ್ಕದ ಸೈಟಿನಲ್ಲಿ ನಾಲ್ಕು ಮಹಡಿ ಎದ್ದರೆ ಹತ್ತು ವರ್ಷದ ಲೆಕ್ಕ ಬುಡಮೇಲು. ಇದಕ್ಕೆ ಪ್ರತಿ ಪ್ಯಾನೆಲ್ಲಿಗೂ ಬೇರೆ ಬೇರೆ ಮೈಕ್ರೊ ಇನ್ವರ್ಟರ್ ಹಾಕುವ ಪರಿಹಾರವಿದೆ, ದುಬಾರಿಯಾದರೂ ಹಳೇ ಬಡಾವಣೆಗಳಿಗೆ ಹೊಂದುವಂಥದ್ದು. ಮರದ ನೆರಳಿಗೆ ಮಾತ್ರ ಪರಿಹಾರ ಹುಡುಕಲೇಬಾರದು. ಮಲ್ಲೇಶ್ವರದ ಸಾಲುಮರ ಕಡಿದು ಪ್ಯಾನೆಲ್ ಹಾಕುವುದಕ್ಕಿಂತ ಪ್ಯಾನೆಲ್ ಇಲ್ಲದಿರುವುದೇ ಮೇಲು. ಮರದ ಪಕ್ಕದ ಮನೆಯನ್ನು ಬಿಟ್ಟು ಮುಂದಿನ ಮನೆಗೆ ಹೋಗಬೇಕು. ಯಾವ ತಾರಸಿಗೆ ಎಷ್ಟು ಬಿಸಿಲು ಎಂದು ತಿಳಿಯಲು ಮನೆ ಮನೆ ಹತ್ತಬೇಕಾಗಿಯೂ ಇಲ್ಲ. ನಗರಕ್ಕೆ ವಿದ್ಯುತ್ ಹಂಚುವ ಬೆಸ್ಕಾಂ ಮತ್ತು ಬೆಂಗಳೂರಿನ ಸಿಸ್ಟೆಪ್ ಸಂಸ್ಥೆ ಸೇರಿ ಆಕಾಶದಿಂದ ಲೈಡಾರ್ ಸಮೀಕ್ಷೆ ನಡೆಸಿ, ತಾರಸಿಗಳ ಸೌರ ಸಾಮರ್ಥ್ಯ ತೋರಿಸುವ ‘ಕ್ರೆಸ್ಟ್’ ಎಂಬ ಸಾಧನ ಮಾಡಿವೆ.

ಇಷ್ಟೆಲ್ಲ ಸರಿಹೋದ ಮೇಲೂ ಕೆಲಸ ನಿಲ್ಲುವುದು ಹಲವು ಕಡೆ ಒಂದೇ ಕಾರಣಕ್ಕೆ. ಬೆಸ್ಕಾಂ ಬಿಲ್ಲು ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ. ತಾತ ಹೋಗಿ ಮೂವತ್ತು ವರ್ಷವಾಗಿದೆ, ಮನೆಯಲ್ಲಿ ನಾಲ್ವರು ಮಕ್ಕಳಿಗೆ ಪಾಲಿದೆ, ಒಬ್ಬರು ಅಮೆರಿಕದಲ್ಲಿ, ಒಬ್ಬರು ಮಾತು ಬಿಟ್ಟಿದ್ದಾರೆ. ಬಿಲ್ಲಿನ ಆರ್.ಆರ್. ನಂಬರಿನ ಹೆಸರು ಬದಲಾಗದೆ, ಗ್ರಿಡ್‌ಗೆ ಕೊಟ್ಟ ಮತ್ತು ಪಡೆದ ಯೂನಿಟ್ಟು ಅಳೆಯುವ ನೆಟ್ ಮೀಟರಿನ ಅರ್ಜಿಯೂ ಸಬ್ಸಿಡಿಯೂ ಮುಂದೆ ಹೋಗುವುದಿಲ್ಲ. ಸೌರಶಕ್ತಿಯ ಬಗ್ಗೆ ಮಾತಾಡುವ ಪರಿಣತರು ಯಾರೂ ಇದನ್ನು ಹೇಳುವುದಿಲ್ಲ. ಈ ಬಡಾವಣೆಗಳಲ್ಲಿ ವ್ಯವಹಾರ ಮಾಡುವವರಿಗೆ ಇಂಜಿನಿಯರಿನಷ್ಟೇ ಅಗತ್ಯ ಒಬ್ಬ ತಾಳ್ಮೆಯ ಗುಮಾಸ್ತ, ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತೆ ಎಲ್ಲ ಜೋಡಿಸಿಕೊಂಡು ಮನೆಯವರ ಪರವಾಗಿ ಓಡಾಡುವವನು.

ಪಾಲುದಾರರ ಲೆಕ್ಕ

ಒಂದು ಮೆಗಾವಾಟ್‌ನಿಂದ ಶುರು ಮಾಡೋಣ. ಇಪ್ಪತ್ತು ದೊಡ್ಡ ಕಟ್ಟಡಗಳಲ್ಲಿ ತಲಾ 30 ಕಿಲೋವಾಟ್, ನೂರು ಮನೆಗಳಲ್ಲಿ ತಲಾ 4 ಕಿಲೋವಾಟ್. ಒಟ್ಟು ಒಂದು ಲಕ್ಷ ಚದರಡಿ ಬಿಸಿಲು. ಕಿಲೋವಾಟ್‌ಗೆ 50,000 ರೂಪಾಯಿ ಹಿಡಿದರೆ ಬಂಡವಾಳ 5 ಕೋಟಿ. ವರ್ಷಕ್ಕೆ 14 ಲಕ್ಷ ಯೂನಿಟ್. ಯೂನಿಟ್ಟಿಗೆ ಸರಾಸರಿ 5 ರೂಪಾಯಿ ಸಿಕ್ಕರೆ 70 ಲಕ್ಷ. ತೊಳೆಯುವುದು, ವಿಮೆ, ದುರಸ್ತಿ, ಸಿಬ್ಬಂದಿಗೆ 12 ಲಕ್ಷ ಕಳೆದರೆ ಉಳಿಯುವುದು 58 ಲಕ್ಷ. ಸಬ್ಸಿಡಿಯೇ ಇಲ್ಲದಿದ್ದರೆ ಹಾಕಿದ ಹಣ ಮರಳಲು ಎಂಟು ಒಂಬತ್ತು ವರ್ಷ. ನೂರು ಮನೆಗಳ ಸಬ್ಸಿಡಿ 78 ಲಕ್ಷ ಸಿಕ್ಕರೆ ಏಳೂಕಾಲು ವರ್ಷದ ಸುಮಾರು. ಬ್ಯಾಂಕಿನ ಸಾಲ ಬೆರೆತರೆ ಮೊದಲ ಹತ್ತು ವರ್ಷ ಕೈಗೆ ಸಿಗುವುದು ಅಲ್ಪ. ಪ್ಯಾನೆಲ್ಲಿನ ಬಾಳಿಕೆ 25 ವರ್ಷ, ಇನ್ವರ್ಟರನ್ನು ಮಧ್ಯದಲ್ಲಿ ಒಮ್ಮೆ ಬದಲಿಸಬೇಕು. ಇದು ನನ್ನ ಅಂದಾಜು, ಆದಷ್ಟು ಕೈಬಿಗಿ ಹಿಡಿದೇ ಮಾಡಿದ್ದು. ಮೂರು ವರ್ಷದಲ್ಲಿ ದುಡ್ಡು ದುಪ್ಪಟ್ಟು ಎಂದು ಯಾರಾದರೂ ಬಾಗಿಲಿಗೆ ಬಂದರೆ ಬಾಗಿಲು ಮುಚ್ಚಿ.

ಇಂಥ ನಿಧಾನದ, ಖಚಿತವಾದ ಆದಾಯದ ವ್ಯವಹಾರಕ್ಕೆ ಸಹಕಾರ ಸಂಘಕ್ಕಿಂತ ಹೊಂದುವ ರೂಪ ಇನ್ನೊಂದಿಲ್ಲ. ಆ ಪರಂಪರೆ ಇಲ್ಲಿಯದೇ. ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾಯಿದೆ ಬಂದದ್ದು 1905ರಲ್ಲಿ, ಬೀದಿದೀಪ ಬಂದ ವರ್ಷವೇ. 1915ರಲ್ಲಿ ಹುಟ್ಟಿದ ರಾಜ್ಯ ಸಹಕಾರ ಅಪೆಕ್ಸ್ ಬ್ಯಾಂಕಿನ ಕಚೇರಿ ಇರುವುದು ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ. ಪಿಂಚಣಿದಾರರು ಠೇವಣಿ ಇಟ್ಟು, ಅದೇ ಬೀದಿಯವರು ಸಾಲ ಪಡೆದು ಮನೆ ಕಟ್ಟಿದ ಬಡಾವಣೆಗಳಿವು. 2020ರಲ್ಲಿ ಬಸವನಗುಡಿ ಕಡೆಯ ಸಹಕಾರಿ ಬ್ಯಾಂಕೊಂದರ ಠೇವಣಿದಾರರು ಜೀವಮಾನದ ಉಳಿತಾಯ ಸಿಕ್ಕಿಬಿದ್ದು ಪಟ್ಟ ಸಂಕಟವನ್ನು ಇಲ್ಲಿಯವರು ಮರೆತಿಲ್ಲ, ಮರೆಯಬಾರದು. ಸಹಕಾರ ಎಂದೊಡನೆ ಹಿಂಜರಿಯುವ ಹಿರಿಯರ ಭಯ ನ್ಯಾಯವಾದದ್ದು. ಸೌರ ವಿದ್ಯುತ್ತಿನಲ್ಲಿ ಒಂದು ಸಮಾಧಾನವಿದೆ: ಆಸ್ತಿ ಕಣ್ಣಿಗೆ ಕಾಣುವ ತಾರಸಿಯ ಮೇಲಿರುತ್ತದೆ, ಆದಾಯ ಮೀಟರಿನಲ್ಲಿ ದಾಖಲಾಗುತ್ತದೆ. ಪ್ರತಿ ಮೀಟರಿನ ತಿಂಗಳ ಯೂನಿಟ್ಟನ್ನು ಸಂಘದ ಬೋರ್ಡಿಗೆ ಅಂಟಿಸಬೇಕೆಂಬ ನಿಯಮವನ್ನು ಬೈಲಾದಲ್ಲೇ ಬರೆದರೆ ಕಳ್ಳಲೆಕ್ಕಕ್ಕೆ ಜಾಗ ಬಹಳ ಕಡಿಮೆ.

ತಾರಸಿ ಕೊಟ್ಟವರಿಗೆ ಬಾಡಿಗೆಯ ಬದಲು ಷೇರು. ತಾರಸಿ ಇಲ್ಲದ ಬಾಡಿಗೆದಾರರೂ ಹೂವು ಹಣ್ಣು ಮಾರುವವರೂ ಸಣ್ಣ ಕಂತಿನಲ್ಲಿ ಷೇರು ಕೊಳ್ಳುವ ಅವಕಾಶ. ಪಾವಗಡದಲ್ಲಿ ಜಮೀನಿಲ್ಲದವರು ಹೊರಗುಳಿದಂತೆ ಇಲ್ಲಿ ತಾರಸಿ ಇಲ್ಲದವರು ಹೊರಗುಳಿಯಬಾರದು. ಒಂದು ಕಟ್ಟಡದ ಉತ್ಪಾದನೆಯನ್ನು ಹಲವು ಗ್ರಾಹಕರ ಬಿಲ್ಲುಗಳಿಗೆ ಹಂಚುವ ವರ್ಚುಯಲ್ ನೆಟ್ ಮೀಟರಿಂಗ್‌ಗೆ ದೆಹಲಿಯಲ್ಲಿ 2019ರಲ್ಲೇ ಮಾರ್ಗಸೂಚಿ ಬಂತು. ಅದು ನಮ್ಮಲ್ಲಿ ಪ್ರತಿ ಸಬ್‌ಡಿವಿಷನ್ ಕಚೇರಿಯಲ್ಲೂ ಸಲೀಸಾಗಿ ದಕ್ಕುವಂತೆ ಆಯೋಗವೂ ಬೆಸ್ಕಾಂ ಕೂಡ ನೋಡಿಕೊಂಡರೆ, ಗಾಂಧಿ ಬಜಾರಿನ ಮಳಿಗೆಯ ದೀಪಕ್ಕೆ ಪಕ್ಕದ ಬೀದಿಯ ಶಾಲೆಯ ತಾರಸಿ ಕರೆಂಟು ಕೊಡಬಹುದು.

ಹಾಕಿಸಿದ ಮೇಲೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಮೊದಲೇ ಇರಬೇಕು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಶುರು ಮಾಡಿದಾಗ ಬಡವರಿಗೆ ಸೌರದೀಪ ಮಾರಲಾಗದು ಎಂಬುದೇ ಎಲ್ಲರ ನಂಬಿಕೆಯಾಗಿತ್ತು. ಅವರು ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ ಸಾಲ ಕೊಡಿಸಿದರು, ಗಿರಾಕಿಯ ಕೂಗಳತೆಯಲ್ಲಿ ಶಾಖೆ ತೆರೆದು ಅದೇ ಊರಿನ ಹುಡುಗರನ್ನು ತಂತ್ರಜ್ಞರನ್ನಾಗಿ ಇಟ್ಟರು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಕಲಿಸಿದ್ದು ಪ್ಯಾನೆಲ್ ಮಾರುವುದನ್ನಲ್ಲ, ಮಾರಿದ ಮೇಲೆ ಹಿಂತಿರುಗಿ ಬರುವುದನ್ನು. ಬೆಂಗಳೂರಿನ ಎಷ್ಟೋ ತಾರಸಿಗಳಲ್ಲಿ ಗಾಜಿನ ಕೊಳವೆ ಒಡೆದು, ಗಡಸು ನೀರಿನ ಕಲ್ಲು ಕಟ್ಟಿ ಕೆಲಸ ನಿಲ್ಲಿಸಿದ ಸೋಲಾರ್ ಗೀಸರುಗಳು ನಿಂತಿವೆ. ಹಾಕಿದವರು ಮತ್ತೆ ಬರಲಿಲ್ಲ, ಫೋನು ಎತ್ತಲಿಲ್ಲ. ಅಂಥ ಅನುಭವವಾದ ಮನೆಯವರು ಇನ್ನೊಮ್ಮೆ ಸೌರದ ಮಾತು ಕೇಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬಂದು ಪ್ಯಾನೆಲ್ ಒರೆಸಿ, ಕೋತಿ ಎಳೆದ ತಂತಿ ಸರಿಪಡಿಸಿ, ಇನ್ವರ್ಟರಿನ ಅಂಕಿ ಬರೆದುಕೊಂಡು ಹೋಗುವ ನಾಲ್ಕು ಜನ ಬಡಾವಣೆಯಲ್ಲೇ ಇರಬೇಕು. ಪಾಲಿಟೆಕ್ನಿಕ್, ಐಟಿಐ ಮುಗಿಸಿದ ಮಕ್ಕಳಿಗೆ ಅದು ಮರ್ಯಾದೆಯ ಕೆಲಸ.

ತಯಾರಕರೂ ದೂರದವರಲ್ಲ. ಮೈಸೂರು ರಸ್ತೆಯ ಬಿಎಚ್‌ಇಎಲ್ ಎಲೆಕ್ಟ್ರಾನಿಕ್ಸ್ ವಿಭಾಗ ದಶಕಗಳಿಂದ ಸೌರಕೋಶ ಮಾಡಿದೆ. 1992ರಲ್ಲಿ ನೀರು ಕಾಯಿಸುವ ಸೋಲಾರ್‌ನಿಂದ ಶುರು ಮಾಡಿದ ಬೆಂಗಳೂರಿನ ಎಮ್ವೀ ಈಗ ದೊಡ್ಡ ಪ್ರಮಾಣದಲ್ಲಿ ಪ್ಯಾನೆಲ್ ತಯಾರಿಸುತ್ತದೆ. ಸಬ್ಸಿಡಿಗೆ ದೇಶದಲ್ಲೇ ತಯಾರಾದ ಪ್ಯಾನೆಲ್ ಕಡ್ಡಾಯ ಎಂಬ ನಿಯಮ ನಮಗೆ ಅಡ್ಡಿಯಾಗುವುದಿಲ್ಲ.

ಒಂದು ಮೆಗಾವಾಟ್‌ನಿಂದ ಬೆಂಗಳೂರಿನ ಹಸಿವು ತೀರುವುದಿಲ್ಲ. ಪಾವಗಡ ಇದರ ಎರಡು ಸಾವಿರ ಪಟ್ಟು ದೊಡ್ಡದು. ಆದರೆ ತಾರಸಿಯಲ್ಲಿ ತಯಾರಾದ ಪ್ರತಿ ಯೂನಿಟ್ಟೂ ಇನ್ನೊಬ್ಬರ ಹೊಲಕ್ಕೆ, ಕಾಡಿಗೆ, ಕಣಿವೆಗೆ ಬೇಲಿ ಹಾಕದೆ ಬಂದದ್ದು. ದೂರದ ಲೈನಿನಲ್ಲಿ ಸೋರಿಹೋಗದೆ ಹುಟ್ಟಿದಲ್ಲೇ ಬಳಕೆಯಾದದ್ದು. ನೂರಿಪ್ಪತ್ತು ವರ್ಷ ಬೇರೆಯವರ ನದಿ, ಬೇರೆಯವರ ನೆಲದಿಂದ ಬೆಳಕು ಪಡೆದ ಬಡಾವಣೆಗಳು ಸ್ವಲ್ಪವನ್ನಾದರೂ ತಾವೇ ಮಾಡಿಕೊಳ್ಳಬೇಕಾದದ್ದು ನ್ಯಾಯ.

ಓದುಗರಲ್ಲಿ ಕೇಳಿಕೊಳ್ಳುವುದಿಷ್ಟೆ. ಈ ತಿಂಗಳ ಬೆಸ್ಕಾಂ ಬಿಲ್ಲು ತೆಗೆದು ಆರ್.ಆರ್. ನಂಬರಿನ ಪಕ್ಕದಲ್ಲಿ ಯಾರ ಹೆಸರಿದೆ ನೋಡಿ. ಹಳೆಯ ಹೆಸರಿದ್ದರೆ ಬದಲಾಯಿಸಲು ಅರ್ಜಿ ಹಾಕಿ. ನಿಮ್ಮ ಬೀದಿಯ ಶಾಲೆ, ಛತ್ರ, ಹೋಟೆಲಿನವರು ತಿಂಗಳಿಗೆ ಎಷ್ಟು ಯೂನಿಟ್ ಉರಿಸುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ನಿವಾಸಿಗಳ ಸಂಘದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ತಾರಸಿಯ ವಿಷಯವನ್ನು ಸೇರಿಸಿ, ಆ ಪಟ್ಟಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ.